ಏನು ವಿಶೇಷ?

ಪರಿಚಯದ ಇಬ್ಬರು ದಾರಿಯಲ್ಲಿ ಎದುರಾದರೆ ಮೊದಲು ಬರುವ ಪ್ರಶ್ನೆ “ಏನು ವಿಶೇಷ?” ಎಂಬುದು. ಅದಕ್ಕೆ ತಪ್ಪದೆ ಬರುವ ಉತ್ತರ “ಏನಿಲ್ಲ.” ನ್ಯಾಯವಾಗಿ ಮಾತು ಅಲ್ಲಿಗೆ ಮುಗಿಯಬೇಕು. ವಿಶೇಷವಿಲ್ಲ ಎಂದಾದ ಮೇಲೆ ಅವರವರ ದಾರಿ ಅವರವರಿಗೆ. ಆದರೆ ಚಿಕ್ಕ ಊರಿನಲ್ಲಿ “ಏನಿಲ್ಲ” ಎಂಬುದು ಬರಿಯ ಪೀಠಿಕೆ. ಅದಾದ ಮೇಲೆ ನಿಂತಲ್ಲೇ ಮುಕ್ಕಾಲು ಗಂಟೆ ಕಳೆಯುತ್ತದೆ. ಮೂಲೆಮನೆಯವರು ಗೇಟಿಗೆ ಬಣ್ಣ ಬಳಿಸುತ್ತಿದ್ದಾರೆ, ಹಳೆಯ ಬಣ್ಣವೇ ಚೆನ್ನಾಗಿತ್ತು. ಅಂಚೆಯವರ ಸೈಕಲ್ಲಿನ ಗಂಟೆ ಕೆಟ್ಟಿದೆ, ಈಗ ಅವರು ಕೆಮ್ಮುತ್ತಾ ಬರುತ್ತಾರೆ. ಕಾಣೆಯಾಗಿದ್ದ ಬೆಕ್ಕು ಹದಿನೈದು ದಿನದ ಮೇಲೆ ಮರಳಿದೆ, ಆದರೆ ಮೊದಲಿಗಿಂತ ದಪ್ಪವಾಗಿ ಮರಳಿದೆ. ಹಾಗಾದರೆ ಅಷ್ಟು ದಿನ ಅದನ್ನು ಸಾಕಿದವರು ಯಾರು?

ನಾಯಿ ಮನುಷ್ಯನನ್ನು ಕಚ್ಚಿದರೆ ಸುದ್ದಿಯಲ್ಲ, ಮನುಷ್ಯ ನಾಯಿಯನ್ನು ಕಚ್ಚಿದರೆ ಸುದ್ದಿ ಎಂದು ಪತ್ರಿಕೆಯವರು ಹೇಳುತ್ತಾರೆ. ಅದು ನಾಯಿಯ ಪರಿಚಯವಿಲ್ಲದವರ ಮಾತು. ಚಿಕ್ಕ ಊರಿನಲ್ಲಿ ನಾಯಿ ಬರಿಯ ಹಲ್ಲು ತೋರಿಸಿದರೂ ಸಾಕು. ಯಾರ ಮನೆಯ ನಾಯಿ, ಅದರ ತಾಯಿಯೂ ಹೀಗೆಯೇ ಇತ್ತಲ್ಲವೇ, ಅದು ಯಾರಿಗೆ ಹಲ್ಲು ತೋರಿಸಿತೋ ಅವರು ಹಿಂದೊಮ್ಮೆ ಅದಕ್ಕೆ ಕಲ್ಲು ಎಸೆದಿರಲಿಲ್ಲವೇ ಎಂದು ಪೂರ್ವಕಥೆ ಬಿಚ್ಚಿಕೊಳ್ಳುತ್ತದೆ. ಎರಡು ತಲೆಮಾರಿನ ವಂಶಾವಳಿಯಿಲ್ಲದೆ ಇಲ್ಲಿ ನಾಯಿಯೂ ಬೊಗಳುವಂತಿಲ್ಲ.

ಸುದ್ದಿ ಎಂಬ ಮಾತು ಸಂಸ್ಕೃತದ ಶುದ್ಧಿಯ ತದ್ಭವ ಎಂದು ನಿಘಂಟುಗಳು ಹೇಳುತ್ತವೆ. ಮೊದಲ ಸಲ ಓದಿದಾಗ ನಗು ಬಂದಿತ್ತು. ಶುದ್ಧಿ ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ಶಕಾರ ಸವೆಯಿತು, ಮಹಾಪ್ರಾಣ ಬಿದ್ದುಹೋಯಿತು. ಮಾತಿಗೇ ಈ ಗತಿಯಾದರೆ ಮಾತಿನೊಳಗಿನ ಸಂಗತಿಗೆ ಏನಾಗಬೇಡ? ನನಗೆ ಏನಾಯಿತು ಎಂದು ಹೇಳುತ್ತೇನೆ. ಅದಕ್ಕೆ ಕಾರಣ ಒಂದು ಜೀರುಂಡೆ.

ರಾತ್ರಿ ಒಂದೂವರೆಗೆ ಅದು ಮಲಗುವ ಕೋಣೆಯೊಳಗೆ ಶುರುಹಚ್ಚಿಕೊಂಡಿತು. ಅದರ ಸ್ವಭಾವ ಬಲ್ಲವರೇ ಬಲ್ಲರು. ಹೆಜ್ಜೆಯ ಅದುರು ತಾಗಿದೊಡನೆ ಗಪ್‌ಚಿಪ್ಪಾಗುತ್ತದೆ. ನಾವು ಹಾಸಿಗೆಗೆ ಮರಳಿ ಕಣ್ಣು ಮುಚ್ಚುವುದನ್ನೇ ಕಾದು ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಕೂಗುವುದು ಗಂಡು ಮಾತ್ರ, ಅದೂ ರೆಕ್ಕೆಗೆ ರೆಕ್ಕೆ ಉಜ್ಜಿ, ಹೆಣ್ಣನ್ನು ಕರೆಯುವುದಕ್ಕಾಗಿ. ಇದು ತಿಳಿದಿದ್ದರೂ ಆ ಹೊತ್ತಿನಲ್ಲಿ ನನಗೆ ಅದರ ಮೇಲೆ ಮರುಕವೇನೂ ಹುಟ್ಟಲಿಲ್ಲ. ದೀಪ ಹಾಕಿದೆ. ಟಾರ್ಚ್ ಹಿಡಿದು ಕಪಾಟಿನ ಹಿಂದೆ, ಕಿಟಕಿಯ ಸಂದಿಯಲ್ಲಿ ಹುಡುಕಿದೆ. ಕೊನೆಗೆ ಪೊರಕೆ ಹಿಡಿದು, ಅಂಬೆಗಾಲಿಟ್ಟು, ಮಂಚದ ಕೆಳಗೆ ತಲೆ ತೂರಿಸಿದೆ. ಹೆಂಡತಿ ಎದ್ದು ಕುಳಿತು “ಎಡಗಡೆ, ಇನ್ನೂ ಎಡಗಡೆ” ಎಂದು ಮೇಲಿನಿಂದ ನಿರ್ದೇಶಿಸುತ್ತಿದ್ದಳು. ಮೂರು ಗಂಟೆಯ ಹೊತ್ತಿಗೆ ಜೀರುಂಡೆಯೇ ದಣಿದು ಸುಮ್ಮನಾಯಿತು. ದೀಪ ಆರಿಸಿ ಮಲಗಿದೆವು.

ಬೆಳಿಗ್ಗೆ ಆರಕ್ಕೆ ಪತ್ರಿಕೆ ಹಾಕುವ ಹುಡುಗ ಎಂದಿನಂತೆ ಪತ್ರಿಕೆ ಎಸೆದು ಹೋಗದೆ ಗೇಟಿನ ಬಳಿ ನಿಂತ. “ಯಾರಿಗೆ ಸಾರ್ ಹುಷಾರಿಲ್ಲದ್ದು?”

“ಯಾರಿಗೂ ಏನೂ ಆಗಿಲ್ಲವಲ್ಲಪ್ಪ” ಎಂದೆ.

ಅವನು ತಲೆಯಾಡಿಸಿ, ಪತ್ರಿಕೆಯನ್ನು ಕೈಗೇ ಕೊಟ್ಟು, ಮೆಲ್ಲಗೆ ಹೋದ. ನಾನು ಮಾಡಿದ ಮೊದಲ ತಪ್ಪು ಇದು. ಏನೂ ಆಗಿಲ್ಲ ಎಂದು ಯಾರಾದರೂ ಹೇಳಿದರೆ ಏನೋ ಆಗಿದೆ ಎಂಬುದಕ್ಕೆ ಚಿಕ್ಕ ಊರಿನಲ್ಲಿ ಬೇರೆ ಸಾಕ್ಷಿ ಬೇಕಿಲ್ಲ.

ಎಂಟೂವರೆಗೆ ಎದುರುಮನೆಯ ಅಜ್ಜಿ ಕಂಡರು. ಏನೂ ಕೇಳಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಾಗಿತ್ತು, ಏಕೆಂದರೆ ಅವರು ಏನನ್ನೂ ಕೇಳದೆ ಇದ್ದ ದಿನ ನನಗೆ ನೆನಪಿಲ್ಲ. ಹತ್ತಕ್ಕೆ ನಿವೃತ್ತ ಮೇಷ್ಟರ ಫೋನು ಬಂತು. ಯಾವ ವೈದ್ಯರಿಗೆ ತೋರಿಸಿದಿರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ತಮ್ಮ ಭಾವನ ಸೊಂಟದ ಕಥೆ ಹೇಳಿದರು. ನನಗೂ ಸೊಂಟಕ್ಕೂ ಏನು ಸಂಬಂಧ ಎಂದು ಆಗ ಹೊಳೆಯಲಿಲ್ಲ. ಮಧ್ಯಾಹ್ನ ಇಸ್ತ್ರಿಯವನು ಬಟ್ಟೆ ಕೊಡುವಾಗ, “ಕಳ್ಳ ಏನಾದರೂ ತೆಗೆದುಕೊಂಡು ಹೋದನೇ ಸಾರ್?” ಎಂದ. ಸಂಜೆಯ ಹೊತ್ತಿಗೆ ಎರಡು ಕಥೆಗಳೂ ಯಾವುದೋ ತಿರುವಿನಲ್ಲಿ ಒಂದನ್ನೊಂದು ಸಂಧಿಸಿ ರಾಜಿ ಮಾಡಿಕೊಂಡಿದ್ದವು. ದೂರದ ನಗರದಿಂದ ಮಗಳು ಫೋನು ಮಾಡಿದಳು. “ಅಪ್ಪಾ, ಕಳ್ಳನನ್ನು ಅಟ್ಟಿಸಿಕೊಂಡು ಹೋಗಿ ಬಿದ್ದಿರಂತೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ?”

ನಿಜ ಹೇಳಬೇಕೆಂದರೆ ಒಂದು ಕ್ಷಣ ಹೆಮ್ಮೆಯಾಯಿತು. ಅರವತ್ತು ದಾಟಿದ ಮೇಲೆ ಕಳ್ಳನನ್ನು ಅಟ್ಟಿಸಿಕೊಂಡು ಹೋದವನೆಂದು ಹೆಸರಾಗುವುದು ಎಲ್ಲರಿಗೂ ಒದಗುವ ಭಾಗ್ಯವಲ್ಲ. ಬಿದ್ದದ್ದನ್ನು ಮಾತ್ರ ಬಿಟ್ಟಿದ್ದರೆ ಚೆನ್ನಾಗಿತ್ತು.

ಮರುದಿನ ನಾನು ಸುದ್ದಿಯ ಬಾಲ ಹಿಡಿದು ಹಿಂದಕ್ಕೆ ಹೋದೆ. ಇಸ್ತ್ರಿಯವನಿಂದ ಗೇಟಿಗೆ ಬಣ್ಣ ಹಚ್ಚುವವನಿಗೆ, ಅವನಿಂದ ಮೂಲೆಮನೆಯವರಿಗೆ, ಅವರಿಂದ ಅಜ್ಜಿಗೆ. ಅಜ್ಜಿ ಹೇಳಿದ್ದು ಇಷ್ಟೇ. “ರಾತ್ರಿ ಎರಡು ಗಂಟೆಯಲ್ಲಿ ಅವರ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಟಾರ್ಚ್ ಬೆಳಕು ಆಚೀಚೆ ಓಡಾಡುತ್ತಿತ್ತು. ಅವರು ನೆಲದ ಮೇಲೆ ಬಿದ್ದಿದ್ದರು, ಆಕೆ ಮಂಚದ ಮೇಲಿಂದ ಏನೋ ಕೂಗುತ್ತಿದ್ದಳು.” ಇದರಲ್ಲಿ ಒಂದೇ ಒಂದು ಸುಳ್ಳಿಲ್ಲ. ಅಂಬೆಗಾಲಿಟ್ಟವನಿಗೂ ಬಿದ್ದವನಿಗೂ ಕಿಟಕಿಯಾಚೆಯಿಂದ ವ್ಯತ್ಯಾಸ ಕಾಣಿಸುವುದು ಕಷ್ಟ. ದೀಪವನ್ನು ಹಿಡಿದುಕೊಂಡವರು ಕಾಯಿಲೆಯ ಕಡೆಗೆ ಹೋದರು, ಟಾರ್ಚನ್ನು ಹಿಡಿದುಕೊಂಡವರು ಕಳ್ಳನ ಕಡೆಗೆ ಹೋದರು. ಪೊರಕೆಯನ್ನು ಮಾತ್ರ ಯಾರೂ ಹಿಡಿದುಕೊಳ್ಳಲಿಲ್ಲ. ಅದೊಂದು ಸುದ್ದಿಯಲ್ಲಿ ಉಳಿದಿದ್ದರೆ ನಾನು ಪಾರಾಗುತ್ತಿದ್ದೆ.

ಹೀಗೆಯೇ ಆಗಬೇಕು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಾರ್ಡನ್ ಆಲ್ಪೋರ್ಟ್ ಮತ್ತು ಲಿಯೊ ಪೋಸ್ಟ್‌ಮನ್ 1947ರಲ್ಲೇ ಬರೆದಿಟ್ಟಿದ್ದಾರೆ. ಒಬ್ಬನಿಗೆ ಚಿತ್ರ ತೋರಿಸಿ, ಅವನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ ಅದನ್ನು ವರ್ಣಿಸುವಂತೆ ಮಾಡಿದರೆ, ಐದಾರು ಬಾಯಿ ದಾಟುವಷ್ಟರಲ್ಲಿ ವಿವರಗಳಲ್ಲಿ ಸುಮಾರು ಶೇಕಡಾ 70ರಷ್ಟು ಉದುರಿಹೋಗುತ್ತಿದ್ದವು. ಉಳಿದ ನಾಲ್ಕಾರು ವಿವರಗಳು ಚೂಪಾಗುತ್ತಿದ್ದವು, ಕೇಳಿದವನ ಮನಸ್ಸಿನಲ್ಲಿ ಮೊದಲೇ ಇದ್ದ ಅಚ್ಚಿಗೆ ತಕ್ಕಂತೆ ರೂಪು ತಾಳುತ್ತಿದ್ದವು. ಗಾಳಿಸುದ್ದಿಗೆ ಅವರು ಒಂದು ಸೂತ್ರವನ್ನೂ ಕೊಟ್ಟರು. ಸಂಗತಿ ಎಷ್ಟು ಮುಖ್ಯವೋ ಅದನ್ನು, ಎಷ್ಟು ಅಸ್ಪಷ್ಟವೋ ಅದರಿಂದ ಗುಣಿಸಬೇಕು. ಇದು ಕೂಡಿಸುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಎರಡರಲ್ಲಿ ಒಂದು ಸೊನ್ನೆಯಾದರೂ ಗಾಳಿಸುದ್ದಿ ಹುಟ್ಟುವುದಿಲ್ಲ.

ಈ ಸೂತ್ರವನ್ನು ನಾನು ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಚಿಕ್ಕ ಊರಿನಲ್ಲಿ ಯಾವ ಸಂಗತಿಯ ಮಹತ್ವವೂ ಸೊನ್ನೆಯಾಗುವುದಿಲ್ಲ. ಗೇಟಿನ ಬಣ್ಣಕ್ಕೂ ಬೆಕ್ಕಿನ ಹೊಟ್ಟೆಗೂ ಒಂದಿಷ್ಟು ಬೆಲೆ ಇದ್ದೇ ಇದೆ. ಉಳಿದದ್ದು ಅಸ್ಪಷ್ಟತೆ. ಅದನ್ನು ಒದಗಿಸಲು ನಮ್ಮ ಬೀದಿಯ ದೀಪ ಐದು ತಿಂಗಳಿಂದ ಕೆಟ್ಟು ನಿಂತಿತ್ತು.

ನಮ್ಮ ಹಿರಿಯರು ಸೂತ್ರ ಬರೆಯಲಿಲ್ಲ, ಗಾದೆ ಮಾಡಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಗಾದೆ ನಗುವುದು ಎತ್ತು ಈಯಿತು ಎಂದವನನ್ನು ನೋಡಿ ಅಲ್ಲ, ಕಟ್ಟು ಎಂದವನನ್ನು ನೋಡಿ. ಹೇಳುವವನು ಹೇಳುತ್ತಾನೆ, ಕೇಳುವವನ ಬುದ್ಧಿ ಎಲ್ಲಿ ಹೋಯಿತು ಎಂಬುದು ಅದರ ತಕರಾರು. ನನಗೇಕೋ ಕಟ್ಟು ಎಂದವನ ಮೇಲೆ ಈಚೆಗೆ ಪ್ರೀತಿ ಹುಟ್ಟಿದೆ. ಈದದ್ದು ಎತ್ತೋ ಹಸುವೋ, ಕರು ಮಳೆಯಲ್ಲಿ ನೆನೆಯಬಾರದು ಎಂದಷ್ಟೇ ಅವನು ಯೋಚಿಸಿರಬೇಕು. ಮೇಷ್ಟರೂ ಹಾಗೆಯೇ. ಸೊಂಟ ಮುರಿದದ್ದು ನಿಜವೇ ಎಂದು ವಿಚಾರಿಸುವ ಗೋಜಿಗೆ ಹೋಗದೆ ಭಾವನ ಊರುಗೋಲನ್ನು ಒರೆಸಿ ಕಳಿಸಿಬಿಟ್ಟಿದ್ದರು. ಅದು ಇನ್ನೂ ನಮ್ಮ ಮನೆಯಲ್ಲೇ ಇದೆ.

ಇದೆಲ್ಲ ಕೆಲಸವಿಲ್ಲದವರ ಕೆಲಸ ಎಂದು ಮೂಗು ಮುರಿಯುವವರಿದ್ದಾರೆ. ಬ್ರಿಟನ್ನಿನ ಮಾನವಶಾಸ್ತ್ರಜ್ಞ ರಾಬಿನ್ ಡನ್ಬಾರ್ ಹಾಗೆ ಎಣಿಸುವುದಿಲ್ಲ. ಮಂಗಗಳು ಒಂದರ ಮೈಯನ್ನು ಇನ್ನೊಂದು ಹೆಕ್ಕುತ್ತಾ ಕೂರುತ್ತವಲ್ಲ, ಗುಂಪು ಒಡೆಯದಿರಲು ಅವು ಮಾಡುವ ಆ ಕೆಲಸವನ್ನು ಮನುಷ್ಯ ಮಾತಿನಿಂದ ಮಾಡುತ್ತಾನೆ ಎಂಬುದು ಅವರ ವಾದ. ಕೈಯಿಂದ ಒಂದು ಹೊತ್ತಿಗೆ ಒಬ್ಬನದೇ ಹೇನು ತೆಗೆಯಬಹುದು, ಬಾಯಿಂದ ಮೂರು ಜನರದು ತೆಗೆಯಬಹುದು. 1992ರಲ್ಲಿ ಅವರು ಕೋತಿ, ವಾನರಗಳ ಮಿದುಳಿನ ಹೊರಪದರಕ್ಕೂ ಗುಂಪಿನ ಗಾತ್ರಕ್ಕೂ ಇರುವ ನಂಟನ್ನು ಲೆಕ್ಕ ಹಾಕಿ, ಅದೇ ಗೆರೆಯನ್ನು ಮನುಷ್ಯನವರೆಗೆ ಎಳೆದು, ನಾವು ನಿಭಾಯಿಸಬಲ್ಲ ಒಡನಾಟ ಸುಮಾರು 150 ಜನರದು ಎಂದರು. ಅಷ್ಟು ಖಚಿತವಾಗಿ ಒಂದು ಸಂಖ್ಯೆ ಹೇಳಲಾಗದು ಎಂದು 2021ರಲ್ಲಿ ಸ್ವೀಡನ್ನಿನ ಸಂಶೋಧಕರು ಆಕ್ಷೇಪ ತೆಗೆದರು. ಅವರವರ ಜಗಳ ಅವರಿಗೆ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ಲೆಕ್ಕ. 150 ಜನರಿದ್ದರೆ ಇಬ್ಬಿಬ್ಬರ ಜೋಡಿಗಳು 11,175 ಆಗುತ್ತವೆ. ಅವುಗಳಲ್ಲಿ ಯಾವ ಜೋಡಿ ಮಾತು ಬಿಟ್ಟಿದೆ, ಯಾವುದು ಸಾಲದಲ್ಲಿದೆ, ಯಾವುದು ಎದುರಿಗೆ ಮುನಿಸು ತೋರಿಸಿ ಹಿತ್ತಿಲಲ್ಲಿ ಪಿಸುಗುಟ್ಟುತ್ತದೆ ಎಂಬುದೆಲ್ಲ ನೆನಪಿನಲ್ಲಿರಬೇಕು. ಎದುರುಮನೆಯ ಅಜ್ಜಿ ಇದನ್ನು ಕನ್ನಡಕವಿಲ್ಲದೆ ಮಾಡುತ್ತಾರೆ.

ಹರಟೆಯೆಂದರೆ ಚಾಡಿ ಎಂಬುದೂ ಪೂರ್ತಿ ಸರಿಯಲ್ಲ. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞೆ ಮೇಗನ್ ರಾಬಿನ್ಸ್ ಮತ್ತು ಅವರ ಸಹೋದ್ಯೋಗಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 467 ಜನ ಪುಟ್ಟ ಧ್ವನಿಮುದ್ರಕ ಹೊತ್ತು ಓಡಾಡಿದ್ದರು. ಎದುರಿಗಿಲ್ಲದವರ ಬಗ್ಗೆ ಅವರು ದಿನಕ್ಕೆ ಸರಾಸರಿ 52 ನಿಮಿಷ ಮಾತಾಡಿದ್ದರು. ಅದರಲ್ಲಿ ಮುಕ್ಕಾಲು ಪಾಲು ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ. ಗೇಟಿಗೆ ಬಣ್ಣ ಬಳಿಸುತ್ತಿದ್ದಾರೆ ಎಂಬ ಜಾತಿಯದು. 52 ನಿಮಿಷ ನನಗೆ ಕಡಿಮೆ ಎನಿಸಿತು. ಧ್ವನಿಮುದ್ರಕ ಹೊತ್ತವರು ಸ್ವಲ್ಪ ನಾಲಿಗೆ ಬಿಗಿಹಿಡಿದಿರಬೇಕು.

ಮಗಳಿಗೆ ಸುದ್ದಿ ಮುಟ್ಟಿದ್ದು ಹೇಗೆ ಎಂಬುದನ್ನೂ ಪತ್ತೆ ಮಾಡಿದೆ. ನಮ್ಮ ಆಪ್ತರು ಯಾರೂ ಅವಳಿಗೆ ಹೇಳಿರಲಿಲ್ಲ. ಅವಳಿಗೆ ಗಾಬರಿಯಾಗಬಾರದೆಂದು ಆಪ್ತರು ಮುಚ್ಚಿಟ್ಟಿದ್ದರು. ಹೇಳಿದ್ದು ಪತ್ರಿಕೆ ಹುಡುಗನ ಅಕ್ಕ, ಮಗಳ ಜೊತೆ ಹೈಸ್ಕೂಲಿನಲ್ಲಿ ಒಂದು ವರ್ಷ ಓದಿದವಳು, ಹಬ್ಬ ಹುಣ್ಣಿಮೆಗೊಮ್ಮೆ ಮೊಬೈಲಿನಲ್ಲಿ ಶುಭಾಶಯ ಕಳಿಸುವವಳು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಇದನ್ನೇ ಹೇಳಿದ್ದರು. ಪರಿಚಿತರ ಮೂಲಕ ಕೆಲಸ ಹುಡುಕಿಕೊಂಡವರನ್ನು ಅವರು ವಿಚಾರಿಸಿದಾಗ, ವಾರಕ್ಕೆ ಎರಡು ಸಲವಾದರೂ ಭೇಟಿಯಾಗುವವರಿಂದ ಸುಳಿವು ಸಿಕ್ಕಿದ್ದು ಶೇಕಡಾ 16.7ರಷ್ಟು ಮಂದಿಗೆ ಮಾತ್ರ. ಉಳಿದವರಿಗೆಲ್ಲ ಅದಕ್ಕಿಂತ ಅಪರೂಪಕ್ಕೆ ಎದುರಾಗುವವರೇ ಉಪಕಾರ ಮಾಡಿದ್ದರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸದನ್ನು ತರುವವರು ಅರ್ಧ ಪರಿಚಯದವರು.

ಸೊಂಟ ನೆಟ್ಟಗಿದೆ ಎಂದು ತೋರಿಸಲು ನಾನು ಮೂರನೆಯ ದಿನ ಬೀದಿಯ ಈ ತುದಿಯಿಂದ ಆ ತುದಿಗೆ ಎರಡು ಸಲ ಬೀಸುಹೆಜ್ಜೆ ಹಾಕಿದೆ. ನೋಡಿದವರ ಮುಖದಲ್ಲಿ ಸಂತೋಷ ಕಾಣಿಸಿತು, ಅದರ ಹಿಂದೆ ಸಣ್ಣ ನಿರಾಶೆಯೂ ಕಾಣಿಸಿತು. “ಪರವಾಗಿಲ್ಲ, ಬೇಗ ಚೇತರಿಸಿಕೊಂಡಿರಿ” ಎಂದರು ಮೂಲೆಮನೆಯವರು. ನಾನು ಜೀರುಂಡೆಯ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿದರು, ನಕ್ಕರು, ಆಮೇಲೆ ದನಿ ತಗ್ಗಿಸಿ, “ನಮ್ಮ ಹತ್ತಿರ ಏನು ಸಂಕೋಚ, ಕಳ್ಳ ಗುರುತಿನವನೇ?” ಎಂದರು. ಅಲ್ಲಿಂದ ಮುಂದೆ ಜೀರುಂಡೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಆ ಬೀದಿಯಲ್ಲಿ ಅಂದು ಎರಡನೆಯ ಬಾಯಿ ಸಿಗದೆ ಸತ್ತ ಸುದ್ದಿ ಅದೊಂದೇ, ನಿಜವಾದದ್ದೂ ಅದೊಂದೇ.

ಕಳ್ಳ ಮಾತ್ರ ಚೆನ್ನಾಗಿ ಬೆಳೆದ. ವಾರದೊಳಗೆ ಅವನಿಗೆ ಎತ್ತರ, ಅಂಗಿಯ ಬಣ್ಣ, ಒಬ್ಬ ಜೊತೆಗಾರ ಎಲ್ಲ ಬಂದವು. ಸಂಜೆ ಬಾಗಿಲಲ್ಲಿ ನಿಂತು ಪರಸ್ಪರ ಎಚ್ಚರಿಸುವುದು ಹೆಚ್ಚಿತು. ಮೂರು ವರ್ಷದಿಂದ ಮಾತು ಬಿಟ್ಟಿದ್ದ ಎರಡು ಮನೆಗಳು ನಡುವಿನ ಗೋಡೆಯ ಎತ್ತರದ ಬಗ್ಗೆ ಮಾತಾಡಿದವು. ಕೊನೆಗೆ ಏಳೆಂಟು ಮಂದಿ ಕೂಡಿ ಬೀದಿದೀಪದ ಕಚೇರಿಗೆ ಹೋದರು. ಕೆಟ್ಟ ದೀಪದ ಬಗ್ಗೆ ನಾನು ಐದು ತಿಂಗಳಲ್ಲಿ ನಾಲ್ಕು ಅರ್ಜಿ ಬರೆದಿದ್ದೆ. ಕಂಬದ ಸಂಖ್ಯೆ, ದಿನಾಂಕ, ಎಲ್ಲ ನಮೂದಿಸಿದ್ದೆ. ಒಂದಕ್ಕೂ ಉತ್ತರವಿರಲಿಲ್ಲ. ಕಳ್ಳನ ಸುದ್ದಿ ಅಲ್ಲಿಗೆ ಮುಟ್ಟಿದ ಎರಡನೆಯ ದಿನ ಏಣಿ ಬಂತು, ಹೊಸ ದೀಪ ಬಂತು. ನನ್ನ ಅರ್ಜಿಗಳಲ್ಲಿ ಇದ್ದ ದೋಷ ಆಗ ತಿಳಿಯಿತು. ಅವುಗಳಲ್ಲಿ ಅಸ್ಪಷ್ಟತೆ ಸೊನ್ನೆಯಾಗಿತ್ತು.

ಜೀರುಂಡೆ ಇನ್ನೂ ಇದೆ, ಅಥವಾ ಅದರ ಮಗನಿರಬಹುದು. ಆದರೆ ಈಗ ಹುಡುಕಲು ನಾನು ದೀಪ ಹಾಕಬೇಕಾಗಿಲ್ಲ, ಟಾರ್ಚೂ ಬೇಡ. ಬೀದಿದೀಪದ ಬೆಳಕು ಕಿಟಕಿಯಿಂದ ಬಂದು ನೇರ ಮಂಚದ ಕೆಳಗೇ ಬೀಳುತ್ತದೆ. ಎದುರುಮನೆಯ ಅಜ್ಜಿಗೂ ಮೊದಲಿಗಿಂತ ಚೆನ್ನಾಗಿ ಕಾಣಿಸುತ್ತದಂತೆ.