ಕೂತು ಮಾಡುವ ಕೆಲಸ

ನನ್ನದು ಕೂತು ಮಾಡುವ ಕೆಲಸ. ವಿಜಯಪುರದ ಒಂದು ಕಾಲೇಜಿನ ಆಫೀಸಿನಲ್ಲಿ ಕ್ಲಾರ್ಕ್. ಕುರ್ಚಿಯ ಎಡಕ್ಕೆ ಫೈಲು, ಬಲಕ್ಕೆ ಕಿಟಕಿ. ಫೈಲಿನ ಕಡೆ ನೋಡಲಿಕ್ಕೆ ಸಂಬಳ ಕೊಡುತ್ತಾರೆ. ಕಿಟಕಿಯ ಕಡೆ ಪುಕ್ಕಟೆ ನೋಡುತ್ತೇನೆ.

ಕಿಟಕಿಯಾಚೆ ಐದು ಜನ. ಅವರದೂ ಕೂತು ಮಾಡುವ ಕೆಲಸವೇ. ಮಾಲಿ ಕಾಕಾ, ಮೂವರು ಹೆಣ್ಣುಮಕ್ಕಳು, ಮತ್ತೆ ಹುಲ್ಲು ಕತ್ತರಿಸುವ ಮಷಿನ್ ಬಿಟ್ಟು ಬೇರೇನನ್ನೂ ಮುಟ್ಟಲೊಲ್ಲದ ಒಬ್ಬ ಹುಡುಗ. ಹುಡುಗನೊಬ್ಬನೇ ನಿಂತಿರುತ್ತಾನೆ, ಅದೂ ಮಷಿನ್ ಚಾಲೂ ಇದ್ದಾಗ. ಉಳಿದ ನಾಲ್ವರು ಸಾಲಾಗಿ ಕುಕ್ಕರುಗಾಲಲ್ಲಿ ಕೂತು, ಕುರುಪಿ ಹಿಡಿದು, ಮಾತಾಡುತ್ತಾ ಕಸ ಕೀಳುತ್ತಾರೆ.

ಹೊಸದಾಗಿ ಬಂದ ಲೆಕ್ಚರರ್ ಒಬ್ಬರು ಒಮ್ಮೆ ನನ್ನ ಕಿಟಕಿಯಲ್ಲಿ ಇಣುಕಿ, "ಇವ್ರು ಮುಂಜಾನಿಂದ ಕೂತೇ ಅದಾರಲ್ರೀ" ಅಂದರು. ನಾನೂ ಹಾಗೇ ಅಂದುಕೊಂಡಿದ್ದವನೇ. ಆಮೇಲೆ ಒಂದು ದಿನ ಗುರುತು ಇಟ್ಟು ನೋಡಿದೆ. ಹತ್ತಕ್ಕೆ ಧ್ವಜದ ಕಟ್ಟೆಯ ಹತ್ತಿರ ಇದ್ದವರು ಐದಕ್ಕೆ ಲೈಬ್ರರಿಯ ಮೆಟ್ಟಿಲ ಹತ್ತಿರ ಇದ್ದರು. ಅಷ್ಟು ದೂರವನ್ನೂ ಕೂತಲ್ಲಿಂದಲೇ ಸರಿದು ಸರಿದು ದಾಟಿದ್ದರು. ನಾನು ಹತ್ತಕ್ಕೆ ಎಲ್ಲಿದ್ದೆನೋ ಐದಕ್ಕೂ ಅಲ್ಲೇ ಇದ್ದೆ.

ಈ ಕೂತ ಕೆಲಸ ಭರಪೂರ ನಡೆಯುವುದು ದಸರೆಯ ಹಿಂದೆಮುಂದೆ. ಇಂಗ್ಲಿಷ್ ಪಾಠದ ಶರತ್ಕಾಲದಲ್ಲಿ ಎಲೆ ಹಣ್ಣಾಗಿ ಉದುರುತ್ತವೆ. ನಮ್ಮ ಬೇವು ಎಲೆ ಉದುರಿಸುವುದು ಶಿವರಾತ್ರಿಯ ಹೊತ್ತಿಗೆ. ಆಶ್ವೀಜದಲ್ಲಿ ಇಲ್ಲಿ ಎಲ್ಲವೂ ಹಸಿರು. ಬೇಡವಾದದ್ದು ಇನ್ನೂ ಹಸಿರು. ಮಳೆರಾಯ ಊರೂರು ತಿರುಗಿ, ಎಲ್ಲ ಕಡೆ ಉಂಡು, ಕಡೆಗೆ ನೆನಪಾಗಿ ನಮ್ಮ ಕಡೆ ಬರುತ್ತಾನೆ. ವಿಜಯಪುರದಲ್ಲಿ ಜಾಸ್ತಿ ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಬೇಸಿಗೆಯಲ್ಲಿ ಬಾಯಿ ಬಿಟ್ಟುಕೊಂಡು ಬಿದ್ದಿದ್ದ ಎರೆ ಮಣ್ಣು ಆ ಒಂದು ತಿಂಗಳಲ್ಲಿ ತನ್ನ ಹೊಟ್ಟೆಯಲ್ಲಿದ್ದ ಬೀಜವನ್ನೆಲ್ಲ ಹೊರಗೆ ಹಾಕಿಬಿಡುತ್ತದೆ.

ಕಾಕಾ ತಾರೀಖು ಎಣಿಸುವುದಿಲ್ಲ, ಮಳೆ ಎಣಿಸುತ್ತಾರೆ. "ಮೈದಾನ ಯಾವಾಗ ಸ್ವಚ್ಛ ಆಗ್ತದ ಕಾಕಾ?" ಅಂತ ಕೇಳಿದರೆ, "ಉತ್ತರಿ ಹೋಗ್ಲಿ ತಡೀರಿ ಸಾಹೇಬ್ರ, ಹಸ್ತಾ ಏನ್ ಮಾಡ್ತದ ನೋಡೂಣು" ಅನ್ನುತ್ತಾರೆ. ನಾನು ಕ್ಯಾಲೆಂಡರ್ ತಿರುವಿ ಹಸ್ತ ಸೆಪ್ಟೆಂಬರ್ 27ರ ಸುಮಾರಿಗೆ ಹಿಡಿಯುತ್ತದೆ ಅಂತ ಲೆಕ್ಕ ಹಾಕಿ, ಮೇಲಿನವರಿಗೆ ಟಿಪ್ಪಣಿ ಬರೆಯುತ್ತೇನೆ: "ಅಕ್ಟೋಬರ್ ಮೊದಲ ವಾರದಲ್ಲಿ ಕೆಲಸ ಪೂರ್ಣಗೊಳ್ಳುವ ನಿರೀಕ್ಷೆಯಿದೆ." ನಮ್ಮ ಆಫೀಸಿನಲ್ಲಿ ನಕ್ಷತ್ರವನ್ನು ತಾರೀಖಿಗೆ ಅನುವಾದಿಸುವವನು ನಾನೊಬ್ಬನೇ.

ಯಾಕೆ ಕಾಯಬೇಕು ಅಂದರೆ, ಹದ. ಎರೆ ಮಣ್ಣು ಹಸಿ ಇದ್ದಾಗ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಬರುತ್ತದೆ. ಒಣಗಿದರೆ ಅದು ಮಣ್ಣಲ್ಲ, ಕಲ್ಲು. ಕಸದ ಬುಡ ಅಲ್ಲಾಡುವುದಿಲ್ಲ, ಮೇಲಿನ ಎಲೆ ಮಾತ್ರ ಕೈಗೆ ಬರುತ್ತದೆ. ಇವೆರಡರ ನಡುವೆ ಮೂರೋ ನಾಲ್ಕೋ ದಿನ ಮಣ್ಣು ಮಾತು ಕೇಳುವ ಹಾಗಿರುತ್ತದೆ. ಆ ದಿನಗಳಲ್ಲಿ ಕಾಕಾ ಯಾರಿಗೂ ರಜೆ ಕೊಡುವುದಿಲ್ಲ. ಆ ಹೊತ್ತಿಗೇ ಒಳಗಿನಿಂದ ಯಾರಾದರೂ "ಸ್ಟೇಜಿಗೆ ಕುರ್ಚಿ ಹಾಕಲು ಮಾಲಿಯವರನ್ನು ಕಳಿಸಿ" ಅಂತ ಚೀಟಿ ಕಳಿಸುವುದೂ ತಪ್ಪುವುದಿಲ್ಲ.

ಕೀಳಬೇಕಾದ್ದರಲ್ಲಿ ದೊಡ್ಡ ಪಾಲು ಕಾಂಗ್ರೆಸ್ ಕಸ. ಪಾರ್ಥೇನಿಯಂ ಅಂದರೆ ನಮ್ಮ ಕಡೆ ಯಾರಿಗೂ ತಿಳಿಯುವುದಿಲ್ಲ. ಹೊರದೇಶದಿಂದ ತರಿಸಿದ ಗೋಧಿಯ ಜೊತೆ ಬಂತು ಅನ್ನುತ್ತಾರೆ. 1950ರ ದಶಕದ ನಡುವೆ ಪುಣೆಯಲ್ಲಿ ಅದು ಹಬ್ಬಿದ್ದು ಕಣ್ಣಿಗೆ ಬಿತ್ತು. ಪುಣೆಯಿಂದ ನಮ್ಮೂರಿಗೆ ಬರಲು ಅದಕ್ಕೆ ಬಸ್ಸು ಬೇಕಾಗಲಿಲ್ಲ. ಇದನ್ನು ತಿನ್ನಲಿ ಅಂತ 1984ರಲ್ಲಿ ಮೆಕ್ಸಿಕೋದ ದುಂಬಿಯನ್ನು ತಂದು ಬೆಂಗಳೂರಿನಲ್ಲಿ ಬಿಟ್ಟರಂತೆ. ಆ ದುಂಬಿ ಒಂದೊಂದು ಸಲ ನಮ್ಮ ಕಾಂಪೌಂಡಿನಲ್ಲೂ ಕಾಣುತ್ತದೆ, ಆರಾಮಾಗಿ ಒಂದೆಲೆ ತಿಂದು ಕೂತಿರುತ್ತದೆ. ಅದರದೂ ಕೂತು ಮಾಡುವ ಕೆಲಸ. ಒಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ, ಆದ್ದರಿಂದ ಬಿಳಿ ಹೂ ಬಿಡುವ ಮೊದಲೇ ಬೇರು ಸಮೇತ ಬರಬೇಕು. ಬರಿಗೈಯಲ್ಲಿ ಹಿಡಿದರೆ ತುರಿಕೆ. ಕೈಗವಸು ತರಿಸಿಕೊಟ್ಟಿದ್ದೇನೆ. ಹೆಣ್ಣುಮಕ್ಕಳು ಅದನ್ನು ಜೋಪಾನವಾಗಿ ಮನೆಯಲ್ಲಿಟ್ಟು, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬರುತ್ತಾರೆ. ಕೇಳಿದರೆ, "ಹೊಸಾವು ಅದಾವ್ರಿ, ಹಾಳಾಗ್ತಾವು."

ಆದರೆ ಅವರು ಕಿತ್ತದ್ದೆಲ್ಲ ಕಸವಲ್ಲ ಅಂತ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಬುಟ್ಟಿಗೆ ಹೋಗುವುದು ಬೇರೆ, ಸೆರಗಿಗೆ ಹೋಗುವುದು ಬೇರೆ. ಗೋಳಿ ಪಲ್ಯ, ಹಕ್ಕರಕಿ, ಕಿರಕಸಾಲಿ, ಎಲ್ಲ ಸೆರಗಿನ ಪಾಲು. ಒಂದು ಮಧ್ಯಾಹ್ನ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದಾಗ ನನ್ನನ್ನೂ ಕರೆದರು. ಕಟಿರೊಟ್ಟಿ, ಶೇಂಗಾ ಚಟ್ನಿ, ಒಡೆದ ಉಳ್ಳಾಗಡ್ಡಿ, ಪಕ್ಕಕ್ಕೆ ಆಗಷ್ಟೇ ತೊಳೆದ ಹಸಿ ಹಕ್ಕರಕಿ. ಅದು ನಾನೇ ಮುಂಜಾನೆ "ಕಸ ತೆಗೆದ ಕೂಲಿ" ಅಂತ ರಿಜಿಸ್ಟರಿನಲ್ಲಿ ಬರೆದ ಕಸ. ಎರಡು ರೊಟ್ಟಿ ಜಾಸ್ತಿಯೇ ತಿಂದೆ.

ಕುರುಪಿಯ ವಿಷಯ ಒಂದು ಹೇಳಬೇಕು. ವರ್ಷಕ್ಕೆ ನಾಲ್ಕು ಕುರುಪಿ ತರಿಸುತ್ತೇವೆ. ಒಮ್ಮೆ ಲೆಕ್ಕ ತಪಾಸಣೆಗೆ ಬಂದವರು, "ಹೋದ ವರ್ಷದ ನಾಲ್ಕು ಎಲ್ಲಿ ಹೋದವು?" ಅಂದರು. ಕಾಕಾನನ್ನು ಕರೆಸಿದೆ. "ಸವದಾವ್ರಿ" ಅಂದರು ಕಾಕಾ. "ಕಬ್ಬಿಣ ಹೆಂಗ ಸವೀತದ?" ಕಾಕಾ ಮರುಮಾತಾಡದೆ ಸೊಂಟದಿಂದ ಒಂದನ್ನು ತೆಗೆದು ಮೇಜಿನ ಮೇಲಿಟ್ಟರು. ಗೇಣುದ್ದದ ಅಲಗು ಬೆರಳುದ್ದ ಉಳಿದಿತ್ತು. ಉಳಿದದ್ದೆಲ್ಲ ಮೈದಾನದ ಮಣ್ಣಿನಲ್ಲಿತ್ತು. ತಪಾಸಣೆಯವರು ಅದನ್ನು ತಿರುಗಿಸಿ ನೋಡಿ, ಏನೂ ಅನ್ನದೆ ಮುಂದಿನ ಪುಟಕ್ಕೆ ಹೋದರು.

ಅದೇ ಕುರುಪಿಗಳಿಗೆ ಖಂಡೇನವಮಿಯ ದಿನ ಪೂಜೆ. ತೊಳೆದು, ವಿಭೂತಿ ಹಚ್ಚಿ, ಗುದ್ದಲಿ, ಸಲಿಕೆ, ಕುಡಗೋಲು, ನೀರಿನ ಪೈಪು, ಹುಡುಗನ ಮಷಿನ್ ಎಲ್ಲವನ್ನೂ ಸಾಲಾಗಿ ಇಡುತ್ತಾರೆ. ಅವಕ್ಕೆ ಏರಿಸುವ ಚೆಂಡುಹೂವು ಅವುಗಳೇ ಅಗೆದು ಬೆಳೆಸಿದ್ದು. ನಾನೂ ನನ್ನ ಸ್ಟ್ಯಾಪ್ಲರ್ ಒಯ್ದು ಆ ಸಾಲಿನ ತುದಿಗೆ ಇಟ್ಟಿದ್ದೆ. ಹೆಣ್ಣುಮಕ್ಕಳು ಬಿದ್ದು ಬಿದ್ದು ನಕ್ಕರು. ಆದರೂ ಕುಂಕುಮ ಹಚ್ಚಿದರು. ಮರುದಿನ ಕಾಂಪೌಂಡಿನ ಮೂಲೆಯ ಬನ್ನಿ ಗಿಡ ಕಾಯುವುದೇ ಕಾಕಾನ ಕೆಲಸ. ಬಂಗಾರ ಬೇಕಾದವರು ಎಲೆ ಕಿತ್ತರೆ ಪರವಾಗಿಲ್ಲ, ಟೊಂಗೆ ಮುರಿಯುತ್ತಾರೆ. ಅದಕ್ಕೆ ಕಾಕಾ ತಾವೇ ನಸುಕಿನಲ್ಲಿ ಹದವಾಗಿ ಕತ್ತರಿಸಿ, ಗೇಟಿನ ಹತ್ತಿರ ಗುಡ್ಡೆ ಹಾಕಿ ಕೂತಿರುತ್ತಾರೆ. ಬಂದವರ ಕೈಗೆ ಒಂದೊಂದು ಎಸಳು. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ." ಪಗಾರ ಯಾವಾಗ ಆಗುತ್ತದೆ ಅಂತ ನನ್ನನ್ನು ಆ ದಿನ ಮಾತ್ರ ಕೇಳುವುದಿಲ್ಲ.

ಹೂವಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮ ಶರತ್ಕಾಲದಲ್ಲಿ ಉದುರುವುದು ಎಲೆಯಲ್ಲ, ಹೂವು. ಲೈಬ್ರರಿ ದಾರಿಯ ಎರಡೂ ಬದಿಗೆ ಆಕಾಶಮಲ್ಲಿಗೆ ಮರಗಳಿವೆ. ತಲೆ ಎತ್ತಿದರೂ ಹೂವು ಸರಿಯಾಗಿ ಕಾಣದಷ್ಟು ಎತ್ತರ. ರಾತ್ರಿ ಅರಳುತ್ತದೆ, ಬೆಳಗಾಗುವುದರೊಳಗೆ ದಾರಿ ತುಂಬ ಬೆಳ್ಳಗೆ. ಗುಡಿಸುವ ಅಕ್ಕನ ತಾಪತ್ರಯ ನೋಡಬೇಕು. ಕಸಬರಿಗೆ ಹಿಡಿದು ನಿಲ್ಲುತ್ತಾಳೆ, ಬಗ್ಗುತ್ತಾಳೆ, ಒಂದು ಹಿಡಿ ಆರಿಸುತ್ತಾಳೆ. ಉದ್ದ ತೊಟ್ಟನ್ನು ಒಂದಕ್ಕೊಂದು ಹೆಣೆದರೆ ದಾರವೇ ಬೇಡ, ಜಡೆಯಂಥ ಮಾಲೆ. ಅದನ್ನು ಮುಡಿದು, ಆಮೇಲೆ ಉಳಿದದ್ದನ್ನು ಗುಡಿಸುತ್ತಾಳೆ. ಗುಡಿಸಿ ಬೆನ್ನು ತಿರುಗಿಸುವಷ್ಟರಲ್ಲಿ ಮತ್ತೆ ನಾಲ್ಕು ಉದುರುತ್ತವೆ. "ಮುಗೀತೇನವಾ?" ಅಂದರೆ, "ಗಿಡಾನ ಕೇಳ್ರೀ" ಅನ್ನುತ್ತಾಳೆ.

ಇನ್ನು ಸೇವಂತಿಗೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕೆಂದರೆ ಇದರಲ್ಲಿ ತಪ್ಪು ನನ್ನದು.

ಆ ವರ್ಷ ನವೆಂಬರಿನಲ್ಲಿ ನಮ್ಮ ಕಾಲೇಜಿಗೆ ನ್ಯಾಕ್ ತಂಡ ಬರುವುದಿತ್ತು. 1994ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಕೂತು, ದೇಶದ ಕಾಲೇಜುಗಳಿಗೆಲ್ಲ ಗ್ರೇಡು ಕೊಡುವ ಸಂಸ್ಥೆ ಅದು. ಅದರ ತಂಡ ಬರುತ್ತದೆ ಅಂದರೆ ಕಾಲೇಜಿಗೆ ಮಗಳ ಮದುವೆ ಇದ್ದ ಹಾಗೆ. ಮರಗಳ ಬುಡಕ್ಕೆ ಕೆಮ್ಮಣ್ಣು, ಅದರ ಮೇಲೊಂದು ಸುಣ್ಣದ ಪಟ್ಟಿ. ಕುಂಡಗಳಿಗೆ ಹೊಸ ಬಣ್ಣ. ಮೇಲಿನಿಂದ ಆದೇಶ: ತಂಡ ಬರುವ ದಿನ ವರಾಂಡದ ಉದ್ದಕ್ಕೂ ಸೇವಂತಿಗೆ ಅರಳಿರಬೇಕು. ನಾನು ಅದನ್ನು ಹಾಗೇ ಕಾಗದದಲ್ಲಿ ಬರೆದು ಕಾಕಾನ ಸಹಿ ತಗೊಂಡೆ.

ಕಾಕಾ ಅದಕ್ಕೆ ಮಳೆಗಾಲದಲ್ಲೇ ತಯಾರಿ ಮಾಡಿದ್ದರು. ಶ್ರಾವಣದಲ್ಲಿ ಗಿಡಗಳ ತುದಿ ಚಿವುಟಿ ಚಿವುಟಿ ಒಂದು ಟೊಂಗೆ ಇದ್ದಲ್ಲಿ ನಾಲ್ಕು ಬರಿಸಿದ್ದರು. ಗಣಪತಿ ಹಬ್ಬ ಮುಗಿದ ಮೇಲೆ ಕುಂಡಗಳನ್ನೆಲ್ಲ ಲೈಬ್ರರಿಯ ಹಿಂದೆ, ದೀಪವಿಲ್ಲದ ಜಾಗಕ್ಕೆ ಒಯ್ದು ಇಟ್ಟರು. ನಾನು ಅಂದೆ, "ಕಾಕಾ, ನನ್ನ ಕಿಟಕಿ ಮುಂದೂ ನಾಕು ಇಡ್ರಿ, ನೋಡ್ಲಿಕ್ಕೆ ಚಂದ ಇರ್ತಾವು."

"ಬ್ಯಾಡ್ರಿ ಸಾಹೇಬ್ರ. ಇಲ್ಲಿ ಅವಕ್ಕ ನಿದ್ದಿ ಆಗಂಗಿಲ್ಲ."

ನಾನು ನಕ್ಕೆ. ಗಿಡಕ್ಕೆಂಥ ನಿದ್ದೆ? ಒತ್ತಾಯ ಮಾಡಿ ನಾಲ್ಕು ಕುಂಡ ಇಡಿಸಿಕೊಂಡೆ.

ಅಲ್ಲಿಂದ ಮುಂದೆ ಒಂದೂವರೆ ತಿಂಗಳು ನನಗೂ ನಿದ್ದೆ ಕಡಿಮೆ. ಐದು ವರ್ಷದ ಫೈಲು ಒಪ್ಪ ಮಾಡಬೇಕು. ದಿನಾ ರಾತ್ರಿ ಹತ್ತು, ಹತ್ತೂವರೆ. ಕಿಟಕಿಯ ಹೊರಗೆ, ಸರಿಯಾಗಿ ಕುಂಡಗಳ ತಲೆಯ ಮೇಲೆ ಇದ್ದ ಟ್ಯೂಬ್‌ಲೈಟು ನಾನು ಹೋಗುವವರೆಗೂ ಉರಿಯುತ್ತಿತ್ತು. ದೀಪಾವಳಿ ಕಳೆಯಿತು. ಕಾಕಾನ ಕುಂಡಗಳು ಒಂದೊಂದಾಗಿ ವರಾಂಡಕ್ಕೆ ಬಂದವು. ಹಳದಿ, ಬಿಳಿ, ಒಂದಿಷ್ಟು ಕೆಂಪು. ಎಲೆ ಕಾಣದ ಹಾಗೆ ಹೂವು. ನನ್ನ ನಾಲ್ಕು ಮಾತ್ರ ಮೊಣಕಾಲೆತ್ತರ ಬೆಳೆದು, ಹಚ್ಚಗೆ, ದಷ್ಟಪುಷ್ಟವಾಗಿ ನಿಂತಿದ್ದವು. ಒಂದು ಮೊಗ್ಗಿಲ್ಲ.

ಗೊಬ್ಬರ ಕಡಿಮೆ ಆಯಿತೇನೋ ಅಂದೆ. ಕಾಕಾ ತಲೆ ಅಲ್ಲಾಡಿಸಿದರು. ಆಮೇಲೆ ನಮ್ಮ ಬಾಟನಿ ಮೇಡಂ ಹತ್ತಿರ ಕೇಳಿದಾಗ ಪೂರ್ತಿ ತಿಳಿಯಿತು. ಸೇವಂತಿಗೆ ಹೊತ್ತು ಅಳೆಯುತ್ತದೆ. ಜೂನಿನಲ್ಲಿ ನಮ್ಮ ಕಡೆ ಹಗಲು ಹದಿಮೂರು ತಾಸಿನಷ್ಟಿದ್ದರೆ ಡಿಸೆಂಬರಿನಲ್ಲಿ ಹನ್ನೊಂದು ತಾಸಿನಷ್ಟು. ರಾತ್ರಿ ಉದ್ದವಾಗುತ್ತಾ ಬಂತು ಅಂತ ಗೊತ್ತಾದ ಮೇಲೇ ಅದು ಮೊಗ್ಗು ಕಟ್ಟುವುದು. ನಡುವೆ ದೀಪ ಹಚ್ಚಿದರೆ ಇನ್ನೂ ಬೇಸಿಗೆಯೇ ಇದೆ ಅಂದುಕೊಂಡು ಸುಮ್ನೆ ಎಲೆ ಬಿಡುತ್ತಾ ಕೂರುತ್ತದೆ. ಹೂ ತಡವಾಗಿ ಬರಲಿ ಅಂತ ತೋಟದವರು ಬೇಕಂತಲೇ ಬಲ್ಬು ಹಾಕುವುದೂ ಉಂಟಂತೆ. ಅವರು ಕರೆಂಟು ಬಿಲ್ಲು ಕಟ್ಟಿ ಮಾಡುವುದನ್ನು ನಾನು ಕಾಲೇಜಿನ ಖರ್ಚಿನಲ್ಲಿ ಮಾಡಿದ್ದೆ.

ತಂಡ ಬರುವ ಹಿಂದಿನ ಸಂಜೆ ಕಾಕಾ ನನ್ನ ಕಿಟಕಿಯ ಹತ್ತಿರ ಬಂದು, ಹೂವಿಲ್ಲದ ನಾಲ್ಕೂ ಕುಂಡಗಳನ್ನು ಕೈಗಾಡಿಗೆ ಏರಿಸಿಕೊಂಡರು. ಹುಡುಗ ಗಾಡಿ ತಳ್ಳಿದ. ಕಾಕಾ ಹೋಗುವವರು ನಿಂತರು.

"ಸಾಹೇಬ್ರ, ಫೈಲ್ ಆದ್ವೇನ್ರಿ?"

"ಇನ್ನ ಎರಡು ಅದಾವ ಕಾಕಾ."

ಕಾಕಾ ಕೈ ಚಾಚಿ ಗೋಡೆಯ ಮೇಲಿನ ಸ್ವಿಚ್ಚು ಒತ್ತಿದರು. ಟ್ಯೂಬ್‌ಲೈಟು ಆರಿತು.

"ನಾಳೆ ಮಾಡ್ರಿ. ಮನೀಗಿ ನಡೀರಿ ಇನ್ನ."