ಬದುಕಿದೆಯಾ ಬಡಜೀವವೇ!

ಪ್ರೊಬಯಾಟಿಕ್ ಜ್ಯೂಸ್, ಅಂದರೆ ಹೊಟ್ಟೆಗೆ ಒಳ್ಳೆಯದೆಂದು ಬ್ಯಾಕ್ಟೀರಿಯಾ ಬೆರೆಸಿದ ಹಣ್ಣಿನ ರಸ. ಅದರ ಬಾಟಲಿಯ ಮೇಲೆ ನಗುವ ಹೊಟ್ಟೆಯ ಚಿತ್ರ. ಪಕ್ಕದಲ್ಲಿ ದಪ್ಪಕ್ಷರ: ‘ಕೋಟ್ಯಂತರ ಜೀವಂತ ಬ್ಯಾಕ್ಟೀರಿಯಾ!’ ಕೆಳಗೆ, ಇರುವೆಗೂ ಕನ್ನಡಕ ಬೇಕಾಗುವಷ್ಟು ಸಣ್ಣಕ್ಷರ: ‘ಇದು ತಯಾರಿಸಿದ ಹೊತ್ತಿನ ಲೆಕ್ಕ’. ಅಂದರೆ ಮನೆಯಿಂದ ಹೊರಡುವಾಗ ಎಲ್ಲರೂ ಚೆನ್ನಾಗಿಯೇ ಇದ್ದರು. ಆಮೇಲಿನದಕ್ಕೆ ಕಂಪನಿ ಹೊಣೆಯಲ್ಲ.

ಆಮೇಲೆ ಆಗಿದ್ದಿಷ್ಟು. ಹಾಲನ್ನು ಹುಳಿ ಮಾಡುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಸಾಧು ಬ್ಯಾಕ್ಟೀರಿಯಾ ಹಾಲಿನಲ್ಲಿ ಹಾಯಾಗಿತ್ತು. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 6.6ರ ಆಸುಪಾಸು, ತಿನ್ನಲು ಸಕ್ಕರೆ, ಪ್ರೋಟೀನು. ಅದನ್ನು ಎಬ್ಬಿಸಿ ಹಣ್ಣಿನ ರಸಕ್ಕೆ ವರ್ಗ ಮಾಡಿದೆವು. ಕಿತ್ತಳೆ ರಸದ ಪಿಎಚ್ ಮೂರೂವರೆ, ಹೆಚ್ಚೆಂದರೆ ನಾಲ್ಕು. ಮೂರಂಕಿ ಇಳಿದರೆ ಆಮ್ಲತೆ ಮೂರು ಪಟ್ಟಲ್ಲ, ಸಾವಿರ ಪಟ್ಟು ಜಾಸ್ತಿ. ಸಂಸಾರದಲ್ಲಿ ಹುಳಿ ಹಿಂಡುವವರನ್ನು ಕಂಡಿದ್ದೇವೆ. ಇಲ್ಲಿ ಇಡೀ ಸಂಸಾರವನ್ನೇ ಹುಳಿಗೆ ಹಾಕಿದ್ದೇವೆ.

ತಾನೇ ಹುಳಿ ಮಾಡುವ ಜೀವಿಗೆ ಹುಳಿ ಕಷ್ಟವೇ ಅಂತ ಕೇಳಬಹುದು. ಒಲೆ ಹಚ್ಚುವುದು ಬೇರೆ, ಒಲೆಯೊಳಗೆ ಬೀಳುವುದು ಬೇರೆ, ಅಲ್ವಾ? ಪಾಪ, ಅದು ಒಳಗೆ ನುಗ್ಗುವ ಪ್ರೋಟಾನುಗಳನ್ನು, ಅಂದರೆ ಹುಳಿಯ ಕಣಗಳನ್ನು, ಪಂಪು ಹಾಕಿ ಹೊರಗೆ ಚೆಲ್ಲುತ್ತಲೇ ಇರುತ್ತದೆ. ದುಡಿದ ಶಕ್ತಿಯೆಲ್ಲ ಪಂಪಿಗೇ ಖರ್ಚು. ಫ್ರಿಜ್‌ನಲ್ಲಿಟ್ಟರೆ ಸಾವು ಸ್ವಲ್ಪ ನಿಧಾನ.

ಹುಳಿಗೆ ತಳ್ಳಿದ ಮೇಲೆ ನಮಗೆ ಕರುಣೆ ಉಕ್ಕುತ್ತದೆ. ಕಂದು ಕಡಲಪಾಚಿಯಿಂದ ತೆಗೆದ ಆಲ್ಜಿನೇಟಿನಲ್ಲಿ ಬ್ಯಾಕ್ಟೀರಿಯಾ ಕಲಸಿ, ಕ್ಯಾಲ್ಸಿಯಂ ಕ್ಲೋರೈಡಿನ ನೀರಿಗೆ ಹನಿಹನಿಯಾಗಿ ಬಿಡುತ್ತೇವೆ. ಪುಟ್ಟ ಜೆಲ್ಲಿ ಮಣಿ ರೆಡಿ. ಅದಕ್ಕೆ ಸೀಗಡಿ ಚಿಪ್ಪಿನಿಂದ ಬಂದ ಕೈಟೋಸಾನಿನ ಮೇಲಂಗಿ. ದಾರಿ ಬುತ್ತಿಗೆ ಇನುಲಿನ್ ನಾರು. ಕೆಲವಕ್ಕೆ ಮೊದಲೇ ಚೂರುಚೂರು ಹುಳಿ ತೋರಿಸಿ ಅಭ್ಯಾಸ ಮಾಡಿಸುವುದೂ ಉಂಟು, ಪರೀಕ್ಷೆಗೆ ಮುಂಚಿನ ಕೋಚಿಂಗ್ ಇದ್ದಂತೆ. ಮಣಿ ದೊಡ್ಡದಾದರೆ ಕುಡಿಯುವವರ ನಾಲಿಗೆಗೆ ಮರಳು. ಸಣ್ಣದಾದರೆ ಹುಳಿ ಒಳಗೆ ಇಳಿಯುತ್ತದೆ. ಪ್ರಯೋಗಾಲಯದವರು ಈ ಅಳತೆಗೆ ತಲೆ ಕೆಡಿಸಿಕೊಂಡಿರುವಾಗ ಲೇಬಲ್ಲಿನವರು ಹೊಟ್ಟೆಗೆ ಇನ್ನೊಂದು ನಗು ಬರೆದು ಮುಗಿಸಿರುತ್ತಾರೆ. (ಹಾಲು ಒಗ್ಗದವರಿಗೆ ಜ್ಯೂಸ್ ಬೇಕು, ನಿಜ. ಆ ಮಣಿ ಮಾಡುವವರ ಜಾಣತನವನ್ನು ನಾನು ಹಂಗಿಸುತ್ತಿಲ್ಲ.)

ಇಷ್ಟೆಲ್ಲ ದಾಟಿ ಬಂದವರಿಗೆ ಮುಂದಿನ ನಿಲ್ದಾಣ ನಮ್ಮ ಜಠರ. ಹಸಿದ ಹೊಟ್ಟೆಯಲ್ಲಿ ಪಿಎಚ್ ಎರಡಕ್ಕೂ ಕೆಳಗೆ ಇಳಿಯಬಹುದು. ಸ್ವಾಗತ!

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆ (ಎಫ್‌ಎಒ) ಕರೆಸಿದ ತಜ್ಞರು ಪ್ರೊಬಯಾಟಿಕ್ ಅನ್ನಿಸಿಕೊಳ್ಳಲು ಜೀವಂತ ಇರಬೇಕು, ಸಾಕಷ್ಟು ಸಂಖ್ಯೆಯಲ್ಲಿರಬೇಕು, ಆರೋಗ್ಯಕ್ಕೆ ಪ್ರಯೋಜನವೂ ಆಗಬೇಕು ಎಂದರು. ಸತ್ತರೆ ಪದವಿ ಹೋಯಿತಲ್ಲ ಅಂತ ಮರುಗಬೇಡಿ. ಜೀವವಿಲ್ಲದ ಸೂಕ್ಷ್ಮಜೀವಿಗಳಿಂದಲೂ ಪ್ರಯೋಜನ ಸಾಬೀತಾದರೆ ಅದಕ್ಕೆ ‘ಪೋಸ್ಟ್‌ಬಯಾಟಿಕ್’ ಎಂಬ ಹೆಸರಿದೆ. 2021ರಲ್ಲಿ ಅದಕ್ಕೂ ತಜ್ಞರ ವ್ಯಾಖ್ಯೆ ಬಂತು. ‘ಸಾಬೀತಾದರೆ’ ಅನ್ನುವುದನ್ನು ಲೇಬಲ್ಲಿನವರು ಸಣ್ಣಕ್ಷರಕ್ಕೆ ಕಳಿಸಿ, ದಪ್ಪಕ್ಷರದಲ್ಲಿ ‘ಕೋಟ್ಯಂತರ ಮಾಜಿ ಬ್ಯಾಕ್ಟೀರಿಯಾ!’ ಅಂತ ಹಾಕುವ ದಿನ ದೂರ ಇಲ್ಲ. ಆ ಲೆಕ್ಕವಾದರೂ ಕೊನೆಯ ದಿನದವರೆಗೆ ಸರಿ ಇರುತ್ತದೆ.