ಹಾಡಹಗಲಲ್ಲೇ ಟ್ಯೂಬ್‌ಲೈಟು

ಬೆಂಗಳೂರಿನ ಹನುಮಂತನಗರದ ಮನೆಗೆ ಬಂದಿಳಿದ ಮರುದಿನ. ಬೆಳಿಗ್ಗೆ ಹತ್ತೂವರೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಅಮ್ಮನ ಕೋಣೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಹಾದುಹೋಗುತ್ತಾ ಸ್ವಿಚ್ ಆರಿಸಿದೆ. ಕೋಣೆ ಗವ್ವೆಂದಿತು. ಅಕ್ಕಿ ಆರಿಸುತ್ತಿದ್ದ ಅಮ್ಮ ಮೊರ ಕೆಳಗಿಟ್ಟು, "ಕತ್ತಲೆ ದೇಶದಲ್ಲಿದ್ದು ನಿನಗೆ ಅಭ್ಯಾಸ ಇರಬಹುದು ಕಣೋ, ನನಗಿಲ್ಲ" ಅಂದಳು.

ನಾನಿರುವುದು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಹಗಲು ಬರೀ 6 ಗಂಟೆ. ಮಧ್ಯಾಹ್ನ ಮೂರು ಹೊಡೆಯುವ ಮೊದಲೇ ಸೂರ್ಯ ಮುಳುಗಿರುತ್ತಾನೆ. ಬೆಂಗಳೂರಿನ ಅತಿ ಚಿಕ್ಕ ಹಗಲೂ 11 ಗಂಟೆ ದಾಟುತ್ತದೆ. ಆದರೂ ಹೇಳಿಬಿಡುತ್ತೇನೆ, ಅಮ್ಮನ ಕೋಣೆಯಷ್ಟು ಮಂಕಾದ ಕೋಣೆಯನ್ನು ನಾನು ಆ ಊರಲ್ಲಿ ಕಂಡಿಲ್ಲ.

ಕಿಟಕಿ ಇಲ್ಲವೆಂದಲ್ಲ. ಇದೆ. ಪಕ್ಕದ 30x40 ಸೈಟಿನಲ್ಲಿ ಮೂರಂತಸ್ತು ಎದ್ದಿದೆ, ಗೋಡೆ ಪಕ್ಕ ಬಿಡಬೇಕಾದ ಖಾಲಿ ಜಾಗ, ಸೆಟ್‌ಬ್ಯಾಕ್, ನಕ್ಷೆಯಲ್ಲಿ ಮಾತ್ರ ಉಳಿದಿದೆ. ಕೈ ಚಾಚಿದರೆ ಪ್ಲಾಸ್ಟರ್ ಕಾಣದ ಅವರ ಗೋಡೆ. ನಮ್ಮವರು ಇದಕ್ಕೆ ಕಂಡುಕೊಂಡಿರುವ ಉಪಾಯ ಒಂದೇ: ಗೋಡೆಯ ನೆತ್ತಿಗೊಂದು ಟ್ಯೂಬು. ಅಂಗಡಿಯಲ್ಲಿ ಅದರ ಹೆಸರು 'ಕೂಲ್ ಡೇಲೈಟ್', 6500 ಕೆಲ್ವಿನ್. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಹಳದಿ. ಮೋಡ ಕವಿದ ಆಕಾಶದ ಬಣ್ಣವೂ ಹೆಚ್ಚುಕಡಿಮೆ ಅದೇ, ಸುಳ್ಳಲ್ಲ. ಆದರೆ ಮೋಡದ ದಿನವೂ ಬಯಲಲ್ಲಿ ಸುಮಾರು 10,000 ಲಕ್ಸ್ ಬೆಳಕಿರುತ್ತದೆ. ಈ ಟ್ಯೂಬಿನ ಕೆಳಗೆ ನೂರೋ ಇನ್ನೂರೋ. ಆಕಾಶದ ಬಣ್ಣ ಬಂತು, ಆಕಾಶ ಬರಲಿಲ್ಲ. ಅದಕ್ಕೇ ಎಲ್ಲರ ಮುಖವೂ ಜ್ವರ ಬಿಟ್ಟೆದ್ದವರ ಹಾಗೆ ಕಾಣುವುದು.

ಸ್ವೀಡನ್ನಿನವರು ಸೂರ್ಯನನ್ನು ನೆಚ್ಚಿ ಕೂತವರಲ್ಲ. ನನ್ನ ಬಾಡಿಗೆ ಮನೆಗೆ ಬಂದ ಮೊದಲ ಸಲ ಸಹೋದ್ಯೋಗಿಯೊಬ್ಬ ಸೂರಿನ ದೀಪ ನೋಡಿ, "ಇದನ್ನು ಕಸ ಗುಡಿಸುವಾಗ ಹಾಕಿಕೋ" ಅಂದಿದ್ದ. ಅವರಿಗೆ ಬೆಳಕು ಮೇಲಿನಿಂದ ಬೀಳಬಾರದು, ಪಕ್ಕದಿಂದ ಬರಬೇಕು, ಹಗಲು ಕಿಟಕಿಯಿಂದ ಬರುವ ಹಾಗೆ. ಕಿಟಕಿಯ ಕಟ್ಟೆ ಮೇಲೊಂದು ಲ್ಯಾಂಪು, ಮೂಲೆಗೊಂದು, ಓದುವ ಕುರ್ಚಿಗೊಂದು. ಒಂದೇ ಕೋಣೆಯಲ್ಲಿ ಐದಾರು. ಕ್ರಿಸ್‌ಮಸ್‌ಗೆ ನಾಲ್ಕು ವಾರ ಇರುವಾಗಲೇ ಕಿಟಕಿ ಕಿಟಕಿಗೂ ಏಳು ದೀಪದ ತ್ರಿಕೋನ ಸ್ಟ್ಯಾಂಡು ಬಂದು ಕೂರುತ್ತದೆ. ಬೀದಿಯಲ್ಲಿ ಹೋಗುವವನಿಗೂ ಅದರಲ್ಲಿ ಪಾಲು. ನನಗೆ ಪ್ರತಿ ವರ್ಷ ಕಾರ್ತಿಕ ನೆನಪಾಗುತ್ತದೆ.

ಸರಿ, ಮಾತಾಡಿದ್ದು ಸಾಕು ಅಂತ ಎಲೆಕ್ಟ್ರಿಕಲ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದೆ. ಬೀರುವಿನ ತಲೆಯ ಮೇಲೆ, ಕಣ್ಣಿಗೆ ಕಾಣದ ಹಾಗೆ, ಸೂರಿಗೆ ಮುಖಮಾಡಿ ಎಲ್‌ಇಡಿ ಪಟ್ಟಿ ಅಂಟಿಸಿದೆ. 4000 ಕೆಲ್ವಿನ್, ಸಿ.ಆರ್.ಐ. 90ಕ್ಕೂ ಮೇಲೆ. ಈ ಎರಡನೆಯ ಅಂಕಿಯನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಬಣ್ಣ ಬಣ್ಣವಾಗಿಯೇ ಕಾಣುವುದು ಅದರಿಂದ. ಬಿಳಿ ಸೂರಿಗೆ ಬಡಿದು ಇಳಿದ ಬೆಳಕಿಗೆ ನೆರಳಿನ ಅಂಚು ಮೆತ್ತಗಾಯಿತು. ಕಿಟಕಿ ಕಟ್ಟೆಗೆ 2700ರ ಒಂದು ಪುಟ್ಟ ಲ್ಯಾಂಪು, ಸಂಜೆಗೆ. ಅಮ್ಮ ಏನೂ ಹೇಳಲಿಲ್ಲ. ಕುಂಕುಮದ ಭರಣಿ ತೆಗೆದು ನೋಡಿ, "ಇದು ಇಷ್ಟು ಕೆಂಪಿತ್ತೇನೇ?" ಅಂತ ಅಕ್ಕನನ್ನು ಕೇಳಿದಳು. ನನಗೆ ಅಷ್ಟೇ ಬೇಕಿದ್ದದ್ದು.

ಇಲ್ಲಿಗೆ ನಿಲ್ಲಿಸಿದ್ದರೆ ಗೆಲುವು ನನ್ನದೇ. ಆದರೆ ನಿಜವಾದ ಬೆಳಕು ತಂದವಳು ಅಕ್ಕ. ಪಕ್ಕದವರ ಗೋಡೆಗೆ ಸುಣ್ಣ ಬಳಿದರೆ ಸಂದಿಗೆ ಇಳಿಯುವ ಬೆಳಕು ನಮ್ಮ ಕಿಟಕಿಗೆ ಹೊರಳುತ್ತದೆ, ಬೂದು ಸಿಮೆಂಟು ಅದನ್ನು ನುಂಗಿಬಿಡುತ್ತದೆ ಅಂತ ನಾನು ಪಾಠ ಹೇಳುತ್ತಿದ್ದೆ. ಅವಳು ತಾರಸಿಗೆ ಹೋಗಿ, "ಆಂಟೀ, ನಿಮ್ಮ ಗೋಡೆಗೆ ನಾವೇ ಸುಣ್ಣ ಹೊಡೆಸಲಾ?" ಅಂತ ಕೂಗಿದಳು. ಖರ್ಚು ನಿಮ್ಮದಾದರೆ ಧಾರಾಳವಾಗಿ, ಅಂದರಂತೆ. ಶನಿವಾರ ಹುಡುಗನೊಬ್ಬ ಹಗ್ಗದಲ್ಲಿ ನೇತಾಡಿ ಎರಡು ಕೋಟು ಬಳಿದು ಹೋದ. ಸ್ಟಾಕ್‌ಹೋಮ್‌ನಲ್ಲಿ ನನ್ನ ಬಾಲ್ಕನಿಗೆ ಗಾಜು ಹಾಕಿಸಲು ಸೊಸೈಟಿಯ ಒಪ್ಪಿಗೆಗೆ ಐದು ತಿಂಗಳು ಕಾದಿದ್ದೇನೆ. ಇನ್ನೊಂದು ಮಾತು, ಬೇಡವೆಂದರೂ ಬರುತ್ತದೆ: ಅಪ್ಪ ಮೇಲಿನ ಮನೆ ಕಟ್ಟಿಸಿದಾಗ ನಾವೂ ಆ ಕಡೆಯವರ ಅಡುಗೆಮನೆ ಕಿಟಕಿ ಮುಚ್ಚಿದ್ದೆವು. ಅವರು ಏನೂ ಅಂದಿರಲಿಲ್ಲ, ಒಂದು ಟ್ಯೂಬ್ ಹಾಕಿಸಿಕೊಂಡರು.

ಹೊರಡುವ ಹಿಂದಿನ ರಾತ್ರಿ ಅಮ್ಮನ ಕೋಣೆಯಲ್ಲಿ ಮತ್ತೆ ಅದೇ ಟ್ಯೂಬು ಉರಿಯುತ್ತಿತ್ತು. ಕೈಯಲ್ಲಿ ಸೂಜಿ, ನನ್ನ ಶರ್ಟಿನ ಗುಂಡಿ. ವಯಸ್ಸಾದ ಕಣ್ಣಿಗೆ ಬೆಳಕು ಹೆಚ್ಚು ಬೇಕು, ಅದು ನನಗೂ ಗೊತ್ತಿತ್ತು.

"ನಿನ್ನ ದೀಪ ಚೆನ್ನಾಗಿದೆ ಕಣೋ," ಅಂದಳು. "ದಾರ ಪೋಣಿಸಿ ಆರಿಸ್ತೀನಿ, ಇರು."